ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ಸ್ಪೀಚ್ ಥೆರಪಿ: ಉಳ್ಳಾಗಡ್ಡಿ ಅಂದರೆ ತಪ್ಪಾ?

ಬ್ಯಾಡಗಿ ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ಇಲ್ಲೇ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ 30 ವರ್ಷ ಲೆಕ್ಕ ಬರೆದವರು. ನಾಲ್ಕು ತಿಂಗಳ ಹಿಂದೆ ಲಕ್ವಾ ಹೊಡೆಯಿತು. ಬಲಗಾಲು ಸುಧಾರಿಸಿದೆ, ಕೈ ಅಷ್ಟಕ್ಕಷ್ಟೇ. ಮಾತು ಮಾತ್ರ ಬಂದಿಲ್ಲ. ನಾವು ಹೇಳಿದ್ದು ತಿಳಿಯುತ್ತದೆ, ಅವರಿಗೆ ಬೇಕಾದ ಶಬ್ದ ಸಿಗುವುದಿಲ್ಲ. ಚಹಾ ಬೇಕಾದರೆ "ಅದು... ಅದು..." ಅಂತ ಅಡುಗೆಮನೆ ಕಡೆ ಕೈ ಮಾಡುತ್ತಾರೆ. ಆಮೇಲೆ ಸಿಟ್ಟು ಬಂದು ಮುಖದ ತುಂಬ ಚಾದರ ಎಳೆದುಕೊಂಡು ಮಲಗಿಬಿಡುತ್ತಾರೆ. ಡಾಕ್ಟರ್ ಇದಕ್ಕೆ ಅಫೇಸಿಯಾ ಅಂದರು.

ಮೊದಲು ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತಿದ್ದೆವು. 40 ನಿಮಿಷದ ಥೆರಪಿಗೆ ಇಡೀ ದಿನ ಹೋಗುತ್ತಿತ್ತು. ಈಗ ವಿಡಿಯೋ ಕಾಲ್, ಆರು ಸಲ ಆಗಿದೆ. ಥೆರಪಿಸ್ಟ್ ಹುಡುಗಿ ಮೈಸೂರು ಕಡೆಯವರು. ತಾಳ್ಮೆ ಜಾಸ್ತಿ, ಒಳ್ಳೆಯವರೇ. ಆದರೆ ಮೊನ್ನೆ ಈರುಳ್ಳಿ ಚಿತ್ರ ತೋರಿಸಿದರು. ಅಪ್ಪ ತಿಣುಕಿ ತಿಣುಕಿ "ಉಳ್... ಉಳ್ಳಾ... ಗಡ್ಡಿ" ಅಂದರು. ನಾಲ್ಕು ತಿಂಗಳಲ್ಲಿ ಕೇಳಿದ ಮೊದಲ ಪೂರ್ತಿ ಶಬ್ದ! ನನ್ನ ಕಣ್ಣು ತುಂಬಿ ಬಂತು. ಆ ಕಡೆಯಿಂದ ಅವರು "ಇಲ್ಲ ಸರ್, ಈ... ಈರು..." ಅಂತ ಶುರು ಮಾಡಿದರು. ಅಪ್ಪ ಗೋಡೆ ಕಡೆ ತಿರುಗಿದರು. ಮುಂದಿನ ಚಿತ್ರ ಬಟಾಟಿ, ಬಾಯಿಯನ್ನೇ ತೆರೆಯಲಿಲ್ಲ.

ಇನ್ನೊಂದು ಕಷ್ಟ ಇದೆ. "ನನ್ನ ಜೊತೆ ಒಂದು, ಎರಡು ಎಣಿಸಿ" ಅನ್ನುತ್ತಾರೆ. ಅವರ ದನಿ ತಡವಾಗಿ ಬಂದು ಇಬ್ಬರ ಎಣಿಕೆಯೂ ಗೋಜಲಾಗುತ್ತದೆ. ವಿಡಿಯೋದಲ್ಲಿ ಇದೆಲ್ಲ ಆಗುವ ಕೆಲಸವಾ? ಮತ್ತೆ ಹುಬ್ಬಳ್ಳಿಗೇ ಹೋಗೋಣವಾ?

ಧಾರವಾಡ ಥೆರಪಿಸ್ಟ್:
ಅಕ್ಕಾ, ನಾನು ಇದೇ ಕೆಲಸ ಮಾಡುವವಳು. ಉಳ್ಳಾಗಡ್ಡಿ ಸರಿ ಉತ್ತರ. ನಿಮ್ಮ ತಂದೆಯ ತಲೆಯಲ್ಲಿ 60 ವರ್ಷದಿಂದ ಕೂತಿರುವ ಶಬ್ದ ಅದು, ಮೊದಲು ಬರುವುದೂ ಅದೇ. ನಮ್ಮ ಕಡೆಯ ಶಬ್ದ ಗೊತ್ತಿಲ್ಲದ್ದಕ್ಕೆ ಅವರು ತಿದ್ದಿದ್ದಾರೆ ಅಷ್ಟೇ. ಎದುರಿಗೆ ಕೂತಿದ್ದರೂ ಹೀಗೇ ಆಗುತ್ತಿತ್ತು. ಮನೆಯಲ್ಲಿ ಬಳಸುವ ಒಂದು ಐವತ್ತು ಶಬ್ದ ಬರೆದು ಕಳಿಸಿ: ಬಟಾಟಿ, ಚುರುಮುರಿ, ಪುಠಾಣಿ, ತಂಬಿಗೆ... ಚಿತ್ರದ ಬದಲು ವಸ್ತುವನ್ನೇ ಕೈಗೆ ಕೊಡಿ. ಮನೆಯಿಂದಲೇ ಥೆರಪಿ ಮಾಡುವುದರ ದೊಡ್ಡ ಲಾಭ ಇದೇ ಅಲ್ವಾ? ನಮ್ಮ ಕ್ಲಿನಿಕ್ಕಿನಲ್ಲಿ ಪ್ಲಾಸ್ಟಿಕ್ ಸೇಬು ಇರುತ್ತದೆ, ನಿಮ್ಮ ಮನೆಯಲ್ಲಿ ಅವರ ಇಡೀ ಜೀವನ ಇದೆ.

ಜೊತೆಗೆ ಎಣಿಸುವುದು ನೆಟ್ ಮೇಲೆ ಆಗುವುದಿಲ್ಲ, ದನಿ ತಡ ಆಗೇ ಆಗುತ್ತದೆ. ಆ ಪಾಲು ನಿಮ್ಮದು. ಪಕ್ಕದಲ್ಲಿ ಕೂತು, ಕೈ ಹಿಡಿದು ತಾಳ ಹಾಕುತ್ತಾ ಎಣಿಸಿ. ಒಂದರಿಂದ ಹತ್ತು, ವಾರದ ಹೆಸರು, ರೂಢಿಯಲ್ಲಿರುವ ಭಜನೆ. ಚಹಾ ಅನ್ನಲಾಗದವರು ಭಜನೆಯ ಸಾಲನ್ನು ಪೂರ್ತಿ ಹಾಡಿದ್ದನ್ನು ನಾನು ನೋಡಿದ್ದೇನೆ. ಬಾಯಿಪಾಠ ಆದದ್ದು ಎಷ್ಟೋ ಸಲ ಉಳಿದಿರುತ್ತದೆ.

ಬಲಭಾಗಕ್ಕೆ ಲಕ್ವಾ ಆದ ಕೆಲವರಿಗೆ ಬಲಗಡೆಯ ನೋಟವೂ ಕಡಿಮೆ ಆಗಿರುತ್ತದೆ. ಫೋನನ್ನು ಸ್ವಲ್ಪ ಎಡಕ್ಕೆ ಇಟ್ಟು ನೋಡಿ. ಮತ್ತೆ, ನೀರು ಕುಡಿಯುವಾಗ ಕೆಮ್ಮು ಬರುತ್ತಾ? ಬಂದರೆ ನುಂಗುವುದನ್ನು ಎದುರಿಗೇ ಪರೀಕ್ಷೆ ಮಾಡಿಸಬೇಕು. ಅದಕ್ಕಾದರೆ ಹುಬ್ಬಳ್ಳಿಗೆ ಹೋಗಲೇಬೇಕು, ವಿಡಿಯೋ ನಂಬಬೇಡಿ.

ಗದಗ ಅವ್ವ:
ನನ್ನ ಮಗನದು ಬೇರೆ ಕಥೆ, ಮೂರು ವರ್ಷ, ಮಾತು ತಡ. ಕಿವಿ ಪರೀಕ್ಷೆ, ಶಬ್ದ ಕಿವಿಯಿಂದ ಮೆದುಳಿಗೆ ಮುಟ್ಟುತ್ತದಾ ಅಂತ ನೋಡುವ ಬೆರಾ ಪರೀಕ್ಷೆ, ಎಲ್ಲ ಆಸ್ಪತ್ರೆಗೇ ಹೋಗಿ ಮಾಡಿಸಿದೆವು. ವಿಡಿಯೋ ಶುರುವಾದ ಎರಡನೇ ನಿಮಿಷಕ್ಕೆ ಅವನು ಮಂಚದ ಕೆಳಗೆ! ದುಡ್ಡು ಹಾಳು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಥೆರಪಿಸ್ಟ್ ಕಲಿಸುತ್ತಿರುವುದು ಅವನಿಗಲ್ಲ, ನನಗೆ. ಅವನ ಜೊತೆ ಹೇಗೆ ಆಡಬೇಕು, ಎಲ್ಲಿ ಸುಮ್ನೆ ಕಾಯಬೇಕು ಅಂತ. ಮೈಸೂರಿನ ಐಶ್, ಅದೇ ವಾಕ್ ಶ್ರವಣ ಸಂಸ್ಥೆ, ಅಲ್ಲೂ ದೂರದಿಂದ ಥೆರಪಿ ಕೊಡುತ್ತಾರೆ, ವಿಚಾರಿಸಿ. ಯಾರೇ ಆಗಲಿ, ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಮೊದಲು ಕೇಳಿ.

ಲಕ್ಷ್ಮೇಶ್ವರ ಕಾಕಾ:
ತಂಗೀ, ಫೋನ್ ಯಾರೂ ಕೈಯಲ್ಲಿ ಹಿಡಿಯಬೇಡಿ. ನಮ್ಮ ಅಣ್ಣನಿಗೆ ಮಾಡಿಸುವಾಗ ಅಳಿಯ ಹಿಡಿಯುತ್ತಿದ್ದ, ಅರ್ಧ ಹೊತ್ತು ಆ ಮೇಡಂಗೆ ನಮ್ಮ ಜಂತಿಯೇ ಕಾಣುತ್ತಿತ್ತು. ತಂಬಿಗೆಗೆ ಆನಿಸಿ ಇಡಿ. ಟಿವಿ, ಫ್ಯಾನ್ ಬಂದ್ ಮಾಡಿ. ಮತ್ತೆ ನೋಡಲು ಬಂದ ನೆಂಟರನ್ನು ಹೊರಗೆ ಕೂರಿಸಿ. ಎಲ್ಲರ ಎದುರು ತಪ್ಪಾಡುವುದು ಯಾವ ಗಂಡಸಿಗೂ ಬೇಡ.

ಬ್ಯಾಡಗಿ ಮಗಳು:
ಧಾರವಾಡದ ಅಕ್ಕಾರೇ, ಕೆಮ್ಮು ಇಲ್ಲ, ದೇವರ ದಯೆ. ನಮ್ಮ ಥೆರಪಿಸ್ಟ್‌ಗೆ ಪಟ್ಟಿ ಕಳಿಸಿದೆ. ಬೇಜಾರು ಮಾಡಿಕೊಳ್ಳಲಿಲ್ಲ. "ಮೊದಲೇ ಹೇಳಬಾರದಿತ್ತಾ" ಅಂತ ನಕ್ಕರು, ಅಪ್ಪನಿಗೂ ಸಾರಿ ಕೇಳಿದರು.

ನಿನ್ನೆ ಚಿತ್ರ ಬಿಟ್ಟು ಎರಡು ಒಣ ಮೆಣಸಿನಕಾಯಿ ಅಪ್ಪನ ಎಡಗೈಗೆ ಕೊಟ್ಟೆ. ಒಂದು ಉದ್ದಂದು, ನಾವು ಕಡ್ಡಿ ಅನ್ನುವುದು; ಇನ್ನೊಂದು ಗಿಡ್ಡ ದಪ್ಪಂದು. ಮೂಗಿಗೆ ಹಿಡಿದರು, ಹೆಬ್ಬೆರಳಿನಿಂದ ತಿಕ್ಕಿ ನೋಡಿದರು, ಅಂಗಡಿಯಲ್ಲಿ ಮಾಡುತ್ತಿದ್ದ ಹಾಗೆಯೇ. ಆ ಹುಡುಗಿ ದಪ್ಪನೆಯದನ್ನು ನೋಡಿ "ಇದು ಕಡ್ಡಿನಾ ಸರ್?" ಅಂದರು. ಬೇಕಂತಲೇ ಕೇಳಿದರೋ, ನಿಜವಾಗಿ ಗೊತ್ತಿರಲಿಲ್ಲವೋ! ಅಪ್ಪ ಜೋರಾಗಿ ತಲೆ ಆಡಿಸಿ "ಅಲ್ಲ. ಡಬ್ಬಿ" ಅಂದರು. ಅಷ್ಟರಲ್ಲಿ ಕರೆಂಟ್ ಹೋಗಿ ವೈಫೈ ಬಂದ್ ಆಯಿತು. ಅಪ್ಪ ಮಾತ್ರ ಖಾಲಿ ಸ್ಕ್ರೀನಿಗೆ ಇನ್ನೂ ಎರಡು ಸಲ ಹೇಳಿದರು, "ಡಬ್ಬಿ. ಡಬ್ಬಿ."