ಅರೇಂಜರ್ ಕೀಬೋರ್ಡಿಗೆ ಹೊರಗಿನ ಸ್ಪೀಕರ್: ಪ್ರಶ್ನೋತ್ತರ

ಅಡ್ಮಿನ್: ಇವತ್ತು ರಾತ್ರಿ 10ರ ತನಕ ನಮ್ಮ ಸೌಂಡ್ ಇಂಜಿನಿಯರ್ ಸರ್ ಉತ್ತರ ಕೊಡ್ತಾರೆ. ಅರೇಂಜರ್ ಅಂದರೆ ತಾಳ, ಬಾಸ್ ಎಲ್ಲ (‘ಸ್ಟೈಲ್’) ತಾನೇ ನುಡಿಸೋ ಕೀಬೋರ್ಡ್. ಕೀಬೋರ್ಡ್ ಮಾಡೆಲ್, ಯಾವ ಸಾಕೆಟ್‌ನಿಂದ ವೈರ್ ತೆಗೆದಿದ್ದೀರಿ, ಮಿಕ್ಸರ್‌ನಲ್ಲಿ ಎಲ್ಲಿ ಹಾಕಿದ್ದೀರಿ, ಸ್ಪೀಕರ್ ಯಾವುದು, ಇಷ್ಟನ್ನೂ ಬರೆದೇ ಕೇಳಿ. ಬೇರೆ ಗ್ರೂಪಿನ ಫಾರ್ವರ್ಡ್ ಬೇಡ.

ದಾವಣಗೆರೆ ಸದಸ್ಯ: ನಮಸ್ಕಾರ ಸರ್. ಯಮಹಾ ಪಿಎಸ್‌ಆರ್-ಎಸ್970. ಮನೇಲಿ ಕೀಬೋರ್ಡಿನ ಸ್ಪೀಕರ್‌ನಲ್ಲೇ ಕೇಳಿದರೆ ಚೆನ್ನಾಗಿದೆ. ಕಲ್ಯಾಣ ಮಂಟಪದಲ್ಲಿ 15 ಇಂಚಿನ ಎರಡು ಆ್ಯಕ್ಟಿವ್ (ಒಳಗೇ ಆಂಪ್ಲಿಫೈಯರ್ ಇರುವ) ಸ್ಪೀಕರ್‌ಗೆ ಕೊಟ್ಟರೆ ಮಂಕು, ಜೀವಾನೇ ಇರಲ್ಲ. ಎಲ್ ಸಾಕೆಟ್‌ನಿಂದ ಒಂದೇ ವೈರ್, ಮಿಕ್ಸರ್‌ನ 3ನೇ ಚಾನೆಲ್.

ಸೌಂಡ್ ಇಂಜಿನಿಯರ್: ಮೊದಲು ಆ ಒಂದೇ ವೈರ್ ಬಿಡಿ. ಎಲ್/ಎಲ್+ಆರ್ ಸಾಕೆಟ್ ಒಂದಕ್ಕೇ ಜಾಕ್ ಹಾಕಿದರೆ ಕೀಬೋರ್ಡ್ ಎಡ, ಬಲ ಎರಡನ್ನೂ ಕೂಡಿಸಿ ಕಳಿಸುತ್ತೆ. ಪಿಯಾನೋ, ಸ್ಟ್ರಿಂಗ್ಸ್ ಸ್ಟೀರಿಯೋ ಸ್ಯಾಂಪಲ್‌ಗಳು. ಕೂಡಿಸಿದಾಗ ಕೆಲವು ಫ್ರೀಕ್ವೆನ್ಸಿ ಒಂದನ್ನೊಂದು ಹೊಡೆದುಹಾಕಿ ಟೊಳ್ಳು ಕೇಳಿಸುತ್ತೆ. ಎರಡೂ ಸಾಕೆಟ್‌ನಿಂದ ಮೋನೋ ಜಾಕ್ ವೈರ್ ತೆಗೆದು ಮಿಕ್ಸರ್‌ನ ಎರಡು ಲೈನ್ ಇನ್‌ಪುಟ್‌ಗೆ ಹಾಕಿ. ವೈರ್ 5-6 ಮೀಟರ್ ದಾಟಿದರೆ ಎರಡು ಚಾನೆಲ್‌ನ ಡಿಐ ಬಾಕ್ಸ್ (ಉದ್ದ ವೈರ್‌ನಲ್ಲಿ ಸಿಗ್ನಲ್ ಕೆಡದಂತೆ ಕಳಿಸೋ ಡಬ್ಬಿ) ಬೇಕು.

ಆಮೇಲೆ ಲೆವೆಲ್. ಕೀಬೋರ್ಡ್ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಸ್ಟೈಲ್ ಮತ್ತು ಬಲಗೈ ಎರಡನ್ನೂ ಜೋರಾಗಿ ನುಡಿಸುತ್ತಾ ಮಿಕ್ಸರ್‌ನ ಪಿಎಫ್ಎಲ್ (ಆ ಚಾನೆಲ್‌ನ ಲೆವೆಲ್ ಮೀಟರ್‌ನಲ್ಲಿ ತೋರಿಸೋ ಬಟನ್) ಒತ್ತಿ ಗೇನ್ (ಒಳಬರುವ ಸಿಗ್ನಲ್ ಏರಿಸೋ ಗುಂಡಿ) ಏರಿಸಿ. ಮೀಟರ್ 0 ಸುತ್ತ ಆಡಬೇಕು, ಪೀಕ್ ಲೈಟ್ ಹತ್ತಬಾರದು. ಕೀಬೋರ್ಡ್ ಕಾಲು ಭಾಗಕ್ಕಿಟ್ಟು ಮಿಕ್ಸರ್‌ನಲ್ಲಿ ಎಳೆದರೆ ಸ್ಸ್ ಅನ್ನೋ ಸದ್ದೂ ಜೊತೆಗೇ ಏರುತ್ತೆ.

ಮಂಕು ಕೂತಿರೋದು 250ರಿಂದ 400 ಹರ್ಟ್ಜ್ ನಡುವೆ. ಅಲ್ಲಿ 3-4 ಡಿಬಿ ಇಳಿಸಿ. ಟ್ರೆಬಲ್ ಏರಿಸೋ ಮೊದಲು ಇದನ್ನ ಮಾಡಿ, ಅರ್ಧ ಕೆಲಸ ಮುಗಿಯುತ್ತೆ. ಇನ್ನೂ ಬೇಕಿದ್ದರೆ 4 ಕಿಲೋಹರ್ಟ್ಜ್ ಹತ್ತಿರ 2 ಡಿಬಿ. ಮಂಟಪಕ್ಕೆ ಅದರದ್ದೇ ಪ್ರತಿಧ್ವನಿ ಇದೆ, ಹಾಗಾಗಿ ಕೀಬೋರ್ಡಿನ ಒಳಗಿನ ಮಿಕ್ಸರ್ ಪುಟದಲ್ಲಿ ಬಾಸ್, ರಿದಮ್ 1, ರಿದಮ್ 2 ಇವುಗಳ ರಿವರ್ಬ್ ಸೊನ್ನೆ ಹತ್ತಿರ ತನ್ನಿ, ಉಳಿದದ್ದು ಅರ್ಧ ಮಾಡಿ. ಪ್ಯಾಡ್, ಫ್ರೇಸ್ 1, ಫ್ರೇಸ್ 2 ವಾಲ್ಯೂಮ್ ಕಡಿಮೆ ಮಾಡಿ. ಹಾಡುವವರ ದನಿ ಮೇಲೆ ಅವೇ ಕೂರೋದು. ಎಲ್ಲಾ ಸರಿಯಾದ ಮೇಲೆ ರಿಜಿಸ್ಟ್ರೇಷನ್ ಮೆಮೊರಿಯಲ್ಲಿ ಸೇವ್ ಮಾಡಿ. ಇಲ್ಲದಿದ್ದರೆ ಸ್ಟೈಲ್ ಬದಲಿಸಿದ ಕೂಡಲೇ ಹಳೇ ಬ್ಯಾಲೆನ್ಸ್ ವಾಪಸ್ ಬರುತ್ತೆ.

ಸ್ಪೀಕರ್ ನೆಲದ ಮೇಲಿದೆಯೋ ಸ್ಟ್ಯಾಂಡ್ ಮೇಲೋ? ಹಾರ್ನ್ (ಟ್ರೆಬಲ್ ಬರುವ) ಭಾಗ ಕೂತವರ ತಲೆಗಿಂತ ಸ್ವಲ್ಪ ಮೇಲಿರಬೇಕು. ಮುಂದಿನ ಸಾಲಿನವರ ಮೈಗೆ ಟ್ರೆಬಲ್ ಬಡಿದರೆ ಹಿಂದಿನವರಿಗೆ ಬರೀ ಗುಂಯ್ ಉಳಿಯುತ್ತೆ.

ಹಾಸನ ಸದಸ್ಯ: ಸರ್, ಬ್ಲೂಟೂತ್ ಸ್ಪೀಕರ್‌ಗೆ ಕನೆಕ್ಟ್ ಮಾಡಬಹುದಾ?

ಸೌಂಡ್ ಇಂಜಿನಿಯರ್: ಬೇಡ. ಕೀ ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತೆ, ತಾಳ ಹಿಡಿಯೋಕಾಗಲ್ಲ. ಆ ಸ್ಪೀಕರ್‌ಗೆ ಆಕ್ಸ್ ಸಾಕೆಟ್ ಇದ್ದರೆ ವೈರ್ ಹಾಕಿ.

ಮಂಡ್ಯ ಸದಸ್ಯ: ದಾವಣಗೆರೆಯವರೇ, ಇಷ್ಟೆಲ್ಲಾ ಯಾಕೆ, ಕೋರ್ಗ್ ಪಿಎ700 ತಗೊಳ್ಳಿ. ಲೈವ್‌ಗೆ ಕೋರ್ಗೇ.

ಹುಬ್ಬಳ್ಳಿ ಸದಸ್ಯ: ವೈರ್ ತಪ್ಪಿದ್ರ ಕೋರ್ಗ್ ತಂದ್ರೂ ಹಂಗ ಆಕ್ಕೈತ್ರಿ. ಅವರು ಕೇಳಿದ್ದು ಅದಲ್ಲ.

ಮಂಡ್ಯ ಸದಸ್ಯ: ಕಿವಿ ಇದ್ದೋರಿಗೆ ವ್ಯತ್ಯಾಸ ಗೊತ್ತಾಗುತ್ತೆ ಕಣ್ರೀ.

ಪುತ್ತೂರು ಸದಸ್ಯ: ಸರ್, ನಮ್ಮದು ಭಜನಾ ಮಂಡಳಿ. ಪಿಎಸ್‌ಆರ್-ಇ373. ಹೆಡ್‌ಫೋನಿನಲ್ಲಿ ಎಲ್ಲ ಸರಿ ಉಂಟು. ಮಿಕ್ಸರಿಗೆ ಕೊಟ್ಟರೆ ಬಾಸ್ ಇಲ್ಲ, ಕಿಕ್ (ದೊಡ್ಡ ಡ್ರಮ್) ಇಲ್ಲ, ಕೊಳಲಂತೂ ದೂರದಲ್ಲಿ ಎಲ್ಲೋ. ಸ್ಟ್ರಿಂಗ್ಸ್ ಮತ್ತು ರಿವರ್ಬ್ ಮಾತ್ರ ಕೇಳುತ್ತದೆ. ಹೊಸ ವೈರ್, ಒಂದು ಕಡೆ ಸ್ಟೀರಿಯೋ ಜಾಕ್, ಇನ್ನೊಂದು ಕಡೆ ಮೈಕಿನ 3 ಪಿನ್. ಮಿಕ್ಸರ್ ಬದಲಿಸಿಯೂ ನೋಡಿ ಆಯಿತು.

ಸೌಂಡ್ ಇಂಜಿನಿಯರ್: ಇಷ್ಟು ಸರಿಯಾಗಿ ಬರೆದಿದ್ದಕ್ಕೆ ಧನ್ಯವಾದ. ಕೀಬೋರ್ಡ್, ಮಿಕ್ಸರ್, ವೈರ್ ಮೂರೂ ಕೆಟ್ಟಿಲ್ಲ, ಮೂರೂ ಸೇರಿದ ರೀತಿ ತಪ್ಪು. ಇದನ್ನ ಎಲ್ಲರೂ ಓದಿ.

ಇ373ರಲ್ಲಿ ಇರೋದು ಫೋನ್ಸ್/ಔಟ್‌ಪುಟ್ ಸಾಕೆಟ್ ಒಂದೇ, ಅದು ಸ್ಟೀರಿಯೋ. ಜಾಕ್‌ನ ತುದಿಯಲ್ಲಿ ಎಡ, ನಡುವಿನ ಉಂಗುರದಲ್ಲಿ ಬಲ, ಬುಡದಲ್ಲಿ ಗ್ರೌಂಡ್. ನಿಮ್ಮ ವೈರ್ ತುದಿಯನ್ನ ಮೈಕ್ ಸಾಕೆಟ್‌ನ 2ನೇ ಪಿನ್‌ಗೂ, ಉಂಗುರವನ್ನ 3ನೇ ಪಿನ್‌ಗೂ ಕೊಡುತ್ತೆ. ಮೈಕ್ ಸಾಕೆಟ್ ಬ್ಯಾಲೆನ್ಸ್ಡ್, ಅಂದರೆ 2ನೇ ಪಿನ್‌ನಲ್ಲಿ ಬಂದದ್ದರಿಂದ 3ನೇ ಪಿನ್‌ನಲ್ಲಿ ಬಂದದ್ದನ್ನ ಕಳೆಯುತ್ತೆ. ಎಡದಿಂದ ಬಲ ಕಳೆದರೆ ಎರಡೂ ಕಡೆ ಸಮನಾಗಿರೋದು ಸೊನ್ನೆ. ಬಾಸ್, ಕಿಕ್, ಕೊಳಲು ಎಡಬಲ ಎರಡರಲ್ಲೂ ಸಮನಾಗಿರುವಂಥವು, ಹಾಗಾಗಿ ಹೋದವು. ಎಡಬಲದಲ್ಲಿ ಬೇರೆಬೇರೆ ಇರೋದು ಸ್ಟ್ರಿಂಗ್ಸ್, ರಿವರ್ಬ್. ಅವು ಉಳಿದವು.

ಪರೀಕ್ಷೆ: ರಿವರ್ಬ್, ಕೋರಸ್ ಆಫ್ ಮಾಡಿ ಬರೀ ಕೊಳಲು ನುಡಿಸಿ. ಸದ್ದು ಹೆಚ್ಚುಕಮ್ಮಿ ಸತ್ತೇ ಹೋದರೆ ಇದೇ ಕಾರಣ.

ಪರಿಹಾರ: ಸ್ಟೀರಿಯೋ ಕಾಲಿಂಚು ಜಾಕ್ ಒಂದು, ಮೋನೋ ಕಾಲಿಂಚು ಜಾಕ್ ಎರಡು ಇರುವ ವೈ ಕೇಬಲ್ ತನ್ನಿ. ಎರಡು ಲೈನ್ ಇನ್‌ಪುಟ್‌ಗೆ ಹಾಕಿ. ಒಂದೇ ಚಾನೆಲ್ ಖಾಲಿ ಇದ್ದರೆ ತುದಿಯನ್ನೂ ಉಂಗುರವನ್ನೂ ನೇರವಾಗಿ ಬೆಸೆಯಬೇಡಿ, ಕೀಬೋರ್ಡಿನ ಎರಡು ಔಟ್‌ಪುಟ್ ಒಂದರ ಮೇಲೊಂದು ಲೋಡ್ ಆಗುತ್ತವೆ. ಎರಡಕ್ಕೂ ಒಂದೊಂದು 1 ಕಿಲೋಓಮ್ ರೆಸಿಸ್ಟರ್ ಹಾಕಿ, ಅವುಗಳ ಆಚೆ ತುದಿ ಕೂಡಿಸಿ, ಅದನ್ನ ಮೋನೋ ಜಾಕ್‌ನ ತುದಿಗೆ ಕೊಡಿ. ಜಾಕ್ ಅರ್ಧ ಹೊರಗೆಳೆದು ನುಡಿಸಿದರೆ ಬಾಸ್ ಬರುತ್ತೆ ಅಂತ ಕೆಲವರು ಹೇಳಿಯಾರು. ಬರುತ್ತೆ, ಒಂದೇ ಕಡೆಯದ್ದು, ಅದೂ ಭಜನೆ ಮಧ್ಯೆ ಕೈ ತಾಗಿದರೆ ಹೋಗುತ್ತೆ. ಬೇಡ. ಆ ಚಾನೆಲ್‌ಗೆ 48 ವೋಲ್ಟ್ ಫ್ಯಾಂಟಮ್ (ಮಿಕ್ಸರ್ ಮೈಕ್‌ಗೆ ಕೊಡೋ ಕರೆಂಟ್) ಹೋಗ್ತಿದ್ದರೆ ವೈರ್ ಬದಲಿಸೋ ಮೊದಲೇ ಆಫ್ ಮಾಡಿ.

ಕೊನೆಗೆ, ಫಂಕ್ಷನ್ ಮೆನುವಿನಲ್ಲಿ ಮಾಸ್ಟರ್ ಇಕ್ಯೂ (ಒಟ್ಟು ಸದ್ದಿನ ಟೋನ್) ‘ಸ್ಪೀಕರ್’ ಅಂತಿರುತ್ತೆ. ಅದು ಒಳಗಿನ ಚಿಕ್ಕ ಸ್ಪೀಕರ್‌ಗೆ ಹೊಂದಿಸಿದ್ದು. ‘ಹೆಡ್‌ಫೋನ್’ಗೆ ಬದಲಿಸಿ, ಹೊರಗಿನ ಸ್ಪೀಕರ್‌ಗೂ ಅದೇ ಸರಿ.

ಪುತ್ತೂರು ಸದಸ್ಯ: ಕೊಳಲು ಪರೀಕ್ಷೆ ಈಗಲೇ ಮಾಡಿದೆ ಸರ್. ಏನೂ ಕೇಳುವುದಿಲ್ಲ!

ತುಮಕೂರು ಸದಸ್ಯ: ಸರ್ ಬಾಸ್ ಬರ್ತಿಲ್ಲ, ಯಾವ ಸೆಟ್ಟಿಂಗ್?

ಸೌಂಡ್ ಇಂಜಿನಿಯರ್: ಮೇಲಿನ ಉತ್ತರ ಓದಿ.

ಹುಬ್ಬಳ್ಳಿ ಸದಸ್ಯ: ಸರ, ಹಾಲ್‌ನ್ಯಾಗ ಮೋನೋನ ಛಲೋ ಅಲ್ಲೇನ್ರಿ? ಸ್ಟೀರಿಯೋ ಕೊಟ್ರ ಈ ಕಡೆ ಕುಂತವಗ ಆ ಕಡೀದು ಕೇಳಂಗಿಲ್ಲ.

ಮಂಡ್ಯ ಸದಸ್ಯ: ಮೋನೋ ಮಾಡೋಕೆ ಅಷ್ಟು ದುಡ್ಡು ಕೊಟ್ಟು ಕೀಬೋರ್ಡ್ ಯಾಕೆ ತಗೋಬೇಕು?

ಹುಬ್ಬಳ್ಳಿ ಸದಸ್ಯ: ನಾ ಸರ್‌ನ ಕೇಳೇನಿ, ನಿಮ್ಮನ್ನಲ್ಲ.

ಮಂಡ್ಯ ಸದಸ್ಯ: ಗ್ರೂಪು ಎಲ್ಲರದ್ದು ಸ್ವಾಮಿ.

ಸೌಂಡ್ ಇಂಜಿನಿಯರ್: ಎರಡು ವೈರ್ ತನ್ನಿ, ಪ್ಯಾನ್ (ಸದ್ದನ್ನ ಎಡಕ್ಕೋ ಬಲಕ್ಕೋ ಕಳಿಸೋ ಗುಂಡಿ) ಪೂರ್ತಿ ತಿರುಗಿಸಬೇಡಿ. ಗಡಿಯಾರದ 10 ಮತ್ತು 2ರ ಜಾಗದಲ್ಲಿಡಿ. ಯಾರಿಗೂ ಯಾವುದೂ ಕೇಳದೇ ಹೋಗಲ್ಲ. ಪಿಯಾನೋ ಟೊಳ್ಳಾದರೆ ಕೀಬೋರ್ಡಿನಲ್ಲೇ ಮೋನೋ ಪಿಯಾನೋ ವಾಯ್ಸ್ ಹುಡುಕಿ.

ಚಿಕ್ಕಮಗಳೂರು ಸದಸ್ಯ: 30,000ದೊಳಗೆ ಜೋಡಿ ಸ್ಪೀಕರ್ ಯಾವುದು ಒಳ್ಳೇದು ಸರ್?

ಗದಗ ಸದಸ್ಯ: ಗುಡಿ ಹಾರ್ನ್ ಸ್ಪೀಕರ್‌ದಾಗ ಬಾಸ್ ಬರ್ಬೇಕಂದ್ರ ಏನ್ ಮಾಡ್ಬೇಕ್ರಿ?

ಸೌಂಡ್ ಇಂಜಿನಿಯರ್: ಬರೋದಿಲ್ಲ. ಆ ಯೂನಿಟ್ ಅಷ್ಟು ಕೆಳಗಿನ ಸ್ವರಕ್ಕೆ ಮಾಡಿದ್ದೇ ಅಲ್ಲ. ಬಾಸ್ ತಿರುಗಿಸಿದರೆ ಡಯಾಫ್ರಮ್ ಹಾಳಾಗುತ್ತೆ. ಬೇರೆ ಬಾಕ್ಸ್ ಇಡಿ.

ತುಮಕೂರು ಸದಸ್ಯ: ಇನ್ನೊಂದು ಗ್ರೂಪಲ್ಲಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗುತ್ತೆ: “ಹಮ್ (ಸ್ಪೀಕರಿನಲ್ಲಿ ಕರೆಂಟಿನ ಗುಂಯ್ ಸದ್ದು) ಬಂದರೆ ಆಂಪ್ಲಿಫೈಯರ್ ಪ್ಲಗ್‌ನ ದಪ್ಪ ಪಿನ್ ತೆಗೆದುಬಿಡಿ, ತಕ್ಷಣ ಹೋಗುತ್ತದೆ. ಪಂಚ್‌ಗೆ 60 ಹರ್ಟ್ಜ್ ಮತ್ತು 12 ಕಿಲೋಹರ್ಟ್ಜ್ ಪೂರ್ತಿ ಮೇಲೆ.”

ಸೌಂಡ್ ಇಂಜಿನಿಯರ್: ಅಡ್ಮಿನ್, ದಯವಿಟ್ಟು ಇದನ್ನ ಅಳಿಸಿ. ಆ ದಪ್ಪ ಪಿನ್ ಅರ್ಥ್. ಅದನ್ನ ಕಿತ್ತ ಮೇಲೆ ಆಂಪ್ಲಿಫೈಯರ್ ಒಳಗೆ ಕರೆಂಟ್ ಲೀಕ್ ಆದರೆ ಅದರ ಲೋಹದ ಮೈಗೆ ಬರುತ್ತೆ, ಅಲ್ಲಿಂದ ವೈರ್‌ನ ಶೀಲ್ಡ್‌ಗೆ (ಒಳಗಿನ ತಂತಿ ಸುತ್ತಿದ ಜಾಲರಿ), ಶೀಲ್ಡ್‌ನಿಂದ ಮೈಕ್‌ಗೆ. ಹಾಡುವವರ ತುಟಿ ಆ ಮೈಕ್‌ಗೆ ತಾಗಿರುತ್ತೆ. ಇದರಿಂದ ಜನ ಸಾಯ್ತಾರೆ. ಯಾವ ಹಾಡಿಗೂ, ಯಾವ ಕಾರ್ಯಕ್ರಮಕ್ಕೂ ಇದನ್ನ ಮಾಡಬೇಡಿ.

ಹಮ್ ಹುಡುಕೋ ಕ್ರಮ: ಮಿಕ್ಸರ್‌ನ ಫೇಡರ್ (ಜಾರಿಸೋ ವಾಲ್ಯೂಮ್) ಇಳಿಸಿ ಕೀಬೋರ್ಡ್ ತುದಿಯ ಜಾಕ್ ಕೀಳಿ, ಡಿಐ ಇದ್ದರೆ ಅದರ ಇನ್‌ಪುಟ್ ಜಾಕ್. ಮತ್ತೆ ಏರಿಸಿದಾಗ ಹಮ್ ಇಲ್ಲದಿದ್ದರೆ ಅದು ಕೀಬೋರ್ಡ್ ದಾರಿಯಲ್ಲಿ ಬಂದದ್ದು. ಲ್ಯಾಪ್‌ಟಾಪ್ ಯುಎಸ್‌ಬಿಗೆ ಸೇರಿದ್ದರೆ ಅದರ ಚಾರ್ಜರ್ ತೆಗೆದು ನೋಡಿ, ಬಹಳ ಸಲ ಕಾರಣ ಅದೇ. ಕೀಬೋರ್ಡ್, ಮಿಕ್ಸರ್, ಸ್ಪೀಕರ್ ಮೂರಕ್ಕೂ ಅರ್ಥ್ ಇರುವ ಒಂದೇ ಬೋರ್ಡ್‌ನಿಂದ ಕರೆಂಟ್ ಕೊಡಿ. ಡಿಮ್ಮರ್, ಸೀರಿಯಲ್ ಸೆಟ್ ಬೇರೆ ಫೇಸ್‌ಗೆ ಹಾಕಿ. ಆಗಲೂ ಹೋಗದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್, ಅದರ ಗ್ರೌಂಡ್ ಲಿಫ್ಟ್ ಸ್ವಿಚ್. ಅದು ಸಿಗ್ನಲ್ ಗ್ರೌಂಡ್ ಮಾತ್ರ ಬಿಡಿಸುತ್ತೆ, ಕರೆಂಟಿನ ಅರ್ಥ್ ಮುಟ್ಟಲ್ಲ.

60 ಹರ್ಟ್ಜ್ ಪೂರ್ತಿ ಎತ್ತಿದರೆ ಆಂಪ್ಲಿಫೈಯರ್ ಶಕ್ತಿ ಎಲ್ಲಾ ಅಲ್ಲೇ ಖಾಲಿಯಾಗಿ ಲಿಮಿಟ್ ಲೈಟ್ ಹತ್ತುತ್ತೆ, ಪ್ರತಿ ಕಿಕ್‌ಗೂ ಇಡೀ ಹಾಡು ಕುಗ್ಗುತ್ತೆ. ಅದು ಪಂಚ್ ಅಲ್ಲ.

ತುಮಕೂರು ಸದಸ್ಯ: ನಾನು ಬರೆದಿದ್ದಲ್ಲ ಸರ್, ಬಂದಿದ್ದನ್ನ ಹಾಕಿದೆ ಅಷ್ಟೆ. ಕೋಪ ಯಾಕೆ?

ಸೌಂಡ್ ಇಂಜಿನಿಯರ್: ಓದಿದ ಒಬ್ಬರು ಇವತ್ತೇ ಪಿನ್ ಕಿತ್ತಾರು, ಅದಕ್ಕೆ.

ಅಡ್ಮಿನ್: ಅಳಿಸಿದ್ದೇನೆ. ಇನ್ನು ಫಾರ್ವರ್ಡ್ ಹಾಕಿದವರನ್ನ ತೆಗೆಯಲಾಗುತ್ತೆ.

ಬೆಳಗಾವಿ ಸದಸ್ಯ: ಯಮಹಾ ಎಸ್‌ಎಕ್ಸ್900 ಐತ್ರಿ ಸರ. ಸ್ಟೈಲ್ ಬಾಸ್ ಒಂದನ್ನ ಬ್ಯಾರೆ ಚಾನೆಲ್‌ಗೆ ತರಬಹುದ್ರಿ?

ಸೌಂಡ್ ಇಂಜಿನಿಯರ್: ಬರುತ್ತೆ. ಲೈನ್ ಔಟ್ ಸೆಟ್ಟಿಂಗ್ ಪುಟದಲ್ಲಿ ಸ್ಟೈಲ್ ಬಾಸನ್ನ ಸಬ್ 1ಕ್ಕೆ ಹಾಕಿ, ಸಬ್ ಔಟ್‌ಪುಟ್ 1ರಿಂದ ವೈರ್ ತೆಗೆಯಿರಿ. ಆಗ ಮೇನ್‌ನಲ್ಲಿ ಬಾಸ್ ಇರೋದಿಲ್ಲ, ಗಾಬರಿ ಬೇಡ. ಸಬ್‌ಗೆ ಹೋದದ್ದಕ್ಕೆ ರಿವರ್ಬ್ ಸೇರಲ್ಲ, ಬಾಸ್‌ಗೆ ಅದೇ ಬೇಕು. ಸಬ್‌ವೂಫರ್ ಇದ್ದರೆ ಕ್ರಾಸೋವರ್ (ಬಾಸ್ ಅದಕ್ಕೆ, ಉಳಿದದ್ದು ಮೇಲಿನ ಬಾಕ್ಸ್‌ಗೆ ಅಂತ ಹಂಚೋ ಗಡಿ) 80-100 ಹರ್ಟ್ಜ್, ಮೇಲಿನ ಬಾಕ್ಸ್‌ಗಳ ಹೈಪಾಸ್ (ಬಾಸ್ ತಡೆಯೋ ಫಿಲ್ಟರ್) ಆನ್.

ಮಂಡ್ಯ ಸದಸ್ಯ: ಪಿಎ700ರ ಬಗ್ಗೆ ಸರ್ ಒಂದು ಮಾತೂ ಹೇಳಲಿಲ್ಲ.

ಹುಬ್ಬಳ್ಳಿ ಸದಸ್ಯ: ಯಾರೂ ಕೇಳಿಲ್ಲಲ್ರಿ, ಅದಕ್ಕ.

ಹಾವೇರಿ ಸದಸ್ಯ: ಸರ, ನಮ್ಮ ಗಣಪತಿ ಪೆಂಡಾಲ್‌ಗೆ ಜನರೇಟರ್, ಅರ್ಥ್ ಇಲ್ಲ. ಕೀಬೋರ್ಡ್ ಮುಟ್ಟಿದ್ರ ಜುಮ್ ಅಂತೈತಿ. ನಾಳಿ ಕಾರ್ಯಕ್ರಮ ಐತ್ರಿ.

ಸೌಂಡ್ ಇಂಜಿನಿಯರ್: ಮೈಕ್ ಹಚ್ಚಬೇಡಿ. ಅಡಾಪ್ಟರ್‌ನಿಂದ ಸಣ್ಣ ಜುಮ್ ಬರೋದುಂಟು, ಆದರೆ ಅರ್ಥ್ ಇಲ್ಲದ ಕಡೆ ಅದೇ ಅಂತ ತಿಳಿಯೋದು ಬೇಡ. ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಬಂದು ಜನರೇಟರ್‌ಗೆ ಅರ್ಥ್ ರಾಡ್ ಹಾಕಿ, ನ್ಯೂಟ್ರಲ್ ಕನೆಕ್ಷನ್ ನೋಡಿ, ಸ್ಟೇಜ್ ಬೋರ್ಡ್‌ಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ ಕೂಡಲೇ ಲೈನ್ ಕಡಿಯೋ ಸ್ವಿಚ್) ಕೂರಿಸಲಿ. ಟೆಸ್ಟ್ ಬಟನ್ ಒತ್ತಿದಾಗ ಅದು ಟ್ರಿಪ್ ಆಗಬೇಕು. ಅಷ್ಟಾದ ಮೇಲೆ ಫೋನ್ ಮಾಡಿ, ಸೌಂಡ್ ಆಮೇಲೆ ನೋಡೋಣ.