ಪ್ರೋಟೀನ್ ತಯಾರಿಸದ ಆರ್‌ಎನ್‌ಎಗೂ ಮೂತ್ರಪಿಂಡದ ಕ್ಯಾನ್ಸರ್ ಹರಡುವುದಕ್ಕೂ ಏನು ಸಂಬಂಧ?

ಪ್ರಶ್ನೆ
ನಮಸ್ಕಾರ. ನಾನು ಜೀವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಮೂತ್ರಪಿಂಡದ ಕ್ಯಾನ್ಸರ್ ಶ್ವಾಸಕೋಶಕ್ಕೂ ಮೂಳೆಗೂ ಹರಡುವ ಬಗ್ಗೆ ಓದುವಾಗ ನಾನ್‌ಕೋಡಿಂಗ್ ಆರ್‌ಎನ್‌ಎಗಳ, ಅಂದರೆ ಪ್ರೋಟೀನ್ ತಯಾರಿಕೆಗೆ ಸಂಕೇತವಾಗದ ಆರ್‌ಎನ್‌ಎಗಳ, ಹೆಸರು ಪದೇಪದೇ ಎದುರಾಗುತ್ತದೆ. ಒಂದು ಪ್ರಬಂಧದಲ್ಲಿ ಒಂದು ಹೆಚ್ಚಾಗಿದೆ ಎಂದಿದ್ದರೆ, ಮತ್ತೊಂದರಲ್ಲಿ ಇನ್ನೊಂದು ಕಡಿಮೆಯಾಗಿದೆ ಎಂದಿರುತ್ತದೆ. ಪ್ರೋಟೀನನ್ನೇ ತಯಾರಿಸದ ಅಣುವೊಂದು, ಇದ್ದ ಜಾಗ ಬಿಟ್ಟು ಹೊರಡುವಂತೆ ಕೋಶವನ್ನು ಹೇಗೆ ಪ್ರೇರೇಪಿಸುತ್ತದೆ? ಇವು ಹರಡುವಿಕೆಗೆ ಕಾರಣವೋ, ಅದರ ಜೊತೆಗೆ ಕಾಣುವ ಗುರುತು ಮಾತ್ರವೋ?

ಉತ್ತರ 1
ಎರಡನೆಯ ಪ್ರಶ್ನೆಗೆ ಎಲ್ಲ ಆರ್‌ಎನ್‌ಎಗಳಿಗೂ ಹೊಂದುವ ಒಂದೇ ಉತ್ತರವಿಲ್ಲ. ಮೈಕ್ರೋ ಆರ್‌ಎನ್‌ಎ ಎಂಬುದು ಸುಮಾರು 22 ನ್ಯೂಕ್ಲಿಯೋಟೈಡ್‌ಗಳ ತುಣುಕು; ತನಗೆ ಹೊಂದುವ ಸಾಲು ಇರುವ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು, ಅದರಿಂದ ಪ್ರೋಟೀನ್ ತಯಾರಾಗದಂತೆ ತಡೆಯುತ್ತದೆ. ಮಿಆರ್-200 ಎಂಬ ಮೈಕ್ರೋ ಆರ್‌ಎನ್‌ಎ ಕುಟುಂಬವನ್ನೇ ನೋಡಿ. ಇದು ಝೆಬ್1 ಮತ್ತು ಝೆಬ್2 ಪ್ರೋಟೀನ್‌ಗಳನ್ನು ಹದ್ದುಬಸ್ತಿನಲ್ಲಿಡುತ್ತದೆ; ಆ ಝೆಬ್‌ಗಳೋ, ಅಕ್ಕಪಕ್ಕದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಇ-ಕ್ಯಾಡ್ಹೆರಿನ್‌ನ ಜೀನನ್ನು ಅದುಮಿಡುತ್ತವೆ. ಹೀಗಾಗಿ ಮಿಆರ್-200 ಕುಸಿದರೆ ಝೆಬ್ ತಲೆಯೆತ್ತುತ್ತದೆ, ಹಿಡಿತ ಸಡಿಲವಾಗುತ್ತದೆ, ಕೋಶಕ್ಕೆ ಚಲಿಸುವ ಗುಣ ಬರುತ್ತದೆ.

ಮಿಆರ್-210ರ ಕಥೆ ಬೇರೆ. ಮೂತ್ರಪಿಂಡದ ಕ್ಯಾನ್ಸರ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲು ಕ್ಲಿಯರ್ ಸೆಲ್ (ಸೂಕ್ಷ್ಮದರ್ಶಕದಲ್ಲಿ ಕೋಶಗಳು ತಿಳಿಯಾಗಿ ಕಾಣುವ) ಬಗೆಯವು, ಮತ್ತು ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಹಿಫ್ ಎಂಬ ಪ್ರೋಟೀನ್‌ಗಳನ್ನು ನಾಶಕ್ಕೆ ಗುರಿಮಾಡುವ ವಿಎಚ್‌ಎಲ್ ಜೀನ್ ಕೆಟ್ಟಿರುತ್ತದೆ. ಆಗ ಆಮ್ಲಜನಕ ಸಾಕಷ್ಟಿದ್ದರೂ ಹಿಫ್ ಪ್ರೋಟೀನ್‌ಗಳು ನಾಶವಾಗದೆ ಉಳಿದು, ಆಮ್ಲಜನಕದ ಕೊರತೆಯಲ್ಲಿ ಬೇಕಾಗುವ ಜೀನ್‌ಗಳನ್ನು ಚಾಲೂ ಮಾಡುತ್ತವೆ. ಮಿಆರ್-210 ಏರುವುದೂ ಈ ಸಾಲಿನಲ್ಲೇ. ಆದ್ದರಿಂದ ಅದರ ಏರಿಕೆಯನ್ನು ನಾನಂತೂ ಮೊದಲು ವಿಎಚ್‌ಎಲ್ ಕೆಟ್ಟಿರುವುದರ ಗುರುತೆಂದೇ ಓದುತ್ತೇನೆ.

ಉತ್ತರ 2
ಉದ್ದನೆಯ ನಾನ್‌ಕೋಡಿಂಗ್ ಆರ್‌ಎನ್‌ಎಗಳ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಅವುಗಳಲ್ಲೊಂದಾದ ಮಲಾಟ್1 ಕ್ಯಾನ್ಸರಿನ ಹರಡುವಿಕೆಯೊಂದಿಗೆ ಸಂಬಂಧ ಹೊಂದಿದೆ ಎಂದು 2003ರಲ್ಲಿ ಕಂಡುಬಂದದ್ದು ಶ್ವಾಸಕೋಶದ ಗಡ್ಡೆಗಳಲ್ಲಿ. ಮೂತ್ರಪಿಂಡದ ಕ್ಯಾನ್ಸರ್ ಕೋಶಗಳಲ್ಲಿ ಅದು ಜೀನ್‌ಗಳನ್ನು ಅದುಮಿಡುವ ಇಝಡ್‌ಎಚ್2 ಕಿಣ್ವದೊಡನೆ ಸೇರಿ ಇ-ಕ್ಯಾಡ್ಹೆರಿನನ್ನು ತಗ್ಗಿಸುತ್ತದೆಂದು ಪ್ರಯೋಗಗಳು ತೋರಿಸಿವೆ. ಆದರೆ 2018ರಲ್ಲಿ ಪ್ರಕಟವಾದ ಸ್ತನ ಕ್ಯಾನ್ಸರಿನ ಅಧ್ಯಯನವೊಂದು, ಇದೇ ಮಲಾಟ್1 ಹರಡುವಿಕೆಯನ್ನು ತಡೆಯುತ್ತದೆ ಎಂದಿತು; ಒಂದು ಅಂಗದ ಫಲಿತಾಂಶವನ್ನು ಇನ್ನೊಂದಕ್ಕೆ ಹೊರಿಸಬಾರದು.

ನನಗೆ ಹೆಚ್ಚು ಗಟ್ಟಿಯಾಗಿ ಕಾಣುವುದು 2016ರಲ್ಲಿ ವರದಿಯಾದ ಎಲ್‌ಎನ್‌ಸಿಎಆರ್‌ಎಸ್‌ಆರ್ ಎಂಬ ಉದ್ದನೆಯ ಆರ್‌ಎನ್‌ಎ. ಇದು ಮಿಆರ್-34 ಮತ್ತು ಮಿಆರ್-449ಗಳನ್ನು ಸ್ಪಂಜಿನಂತೆ ಹೀರಿಕೊಳ್ಳುವುದರಿಂದ, ಅವುಗಳ ಅಂಕೆ ತಪ್ಪಿದ ಎಎಕ್ಸ್‌ಎಲ್ ಮತ್ತು ಮೆಟ್ ಎಂಬ ಕೋಶದ ಹೊರಮೈಯ ಗ್ರಾಹಕಗಳು ಹೆಚ್ಚಿ, ಮೂತ್ರಪಿಂಡದ ಕ್ಯಾನ್ಸರಿಗೆ ಕೊಡುವ ಸುನಿಟಿನಿಬ್ ಔಷಧಕ್ಕೆ ಕೋಶ ಬಗ್ಗದಂತಾಗುತ್ತದೆ. ಅಷ್ಟೇ ಅಲ್ಲ, ಎಕ್ಸೋಸೋಮ್ ಎಂಬ ಪುಟ್ಟ ಚೀಲಗಳಲ್ಲಿ ಸೇರಿ ಹೊರಬಿದ್ದು, ಔಷಧಕ್ಕೆ ಇನ್ನೂ ಬಗ್ಗುತ್ತಿದ್ದ ಕೋಶಗಳಿಗೂ ಆ ಗುಣವನ್ನು ದಾಟಿಸುತ್ತದೆ. ಈ ಎರಡು ಗ್ರಾಹಕಗಳು ಕೋಶದ ಚಲನೆಗೂ ಕುಮ್ಮಕ್ಕು ಕೊಡುತ್ತವೆ.

ಉತ್ತರ 3
ಇ-ಕ್ಯಾಡ್ಹೆರಿನ್ ಕುಸಿಯುವುದರ ಬಗ್ಗೆ ಮೊದಲ ಉತ್ತರ ಹೇಳಿದ್ದರಲ್ಲಿ ಒಂದು ತೊಡಕಿದೆ. ಕ್ಲಿಯರ್ ಸೆಲ್ ಗಡ್ಡೆ ಹುಟ್ಟುವುದು ಮೂತ್ರಪಿಂಡದ ನಾಳಿಕೆಯ ಆರಂಭದ ಭಾಗದಲ್ಲಿ. ಅಲ್ಲಿ ಆರೋಗ್ಯವಂತರಲ್ಲೂ ಅದೇ ಕುಟುಂಬದ ಇನ್ನೊಂದು ಪ್ರೋಟೀನ್ ಆದ ಎನ್-ಕ್ಯಾಡ್ಹೆರಿನ್‌ನದೇ ಕಾರುಬಾರು. ಇ-ಕ್ಯಾಡ್ಹೆರಿನ್ ಹೇರಳವಾಗಿರುವುದು ಮುಂದಿನ ಭಾಗಗಳಲ್ಲಿ. ಗಡ್ಡೆಯ ಪಕ್ಕದ ಆರೋಗ್ಯಕರ ತುಂಡನ್ನು ಅರೆದು ಆರ್‌ಎನ್‌ಎ ತೆಗೆದಾಗ ಈ ಎಲ್ಲ ಭಾಗಗಳೂ ಬೆರೆತಿರುತ್ತವೆ. ಅದರೊಡನೆ ಹೋಲಿಸಿ, ಗಡ್ಡೆಯಲ್ಲಿ ಇಂಥದ್ದು ಕಳೆದುಹೋಗಿದೆ ಎನ್ನುವಾಗ, ಆ ಕೊರತೆಯಲ್ಲಿ ಎಷ್ಟು ಪಾಲು ಹುಟ್ಟಿದ ಜಾಗದ್ದು, ಎಷ್ಟು ಪಾಲು ಕ್ಯಾನ್ಸರಿನದು ಎಂಬುದು ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಹಾಗಾದರೆ ಯಾವ ಹೋಲಿಕೆಯನ್ನು ನಂಬಬೇಕು? ಸ್ಪಂಜು ಹೀರಿದ ಮಿಆರ್-34ನ್ನು ಹೊರಗಿನಿಂದ ಕೊಡಲಾಗದೇ?

ಉತ್ತರ 3
ಒಬ್ಬರೇ ರೋಗಿಯ ಮೂಲ ಗಡ್ಡೆಯನ್ನು, ಅದರಿಂದ ಶ್ವಾಸಕೋಶಕ್ಕೆ ಹೋದ ಗಡ್ಡೆಯೊಡನೆ ಹೋಲಿಸಿದ ಅಧ್ಯಯನಗಳನ್ನು ಹುಡುಕಿ. ಜೊತೆಗೆ, ಆ ಆರ್‌ಎನ್‌ಎಯನ್ನು ತೆಗೆದಾಗ ಇಲಿಯಲ್ಲಿ ಹರಡುವಿಕೆ ತಗ್ಗಿತೇ, ಮರಳಿ ಸೇರಿಸಿದಾಗ ಮತ್ತೆ ಏರಿತೇ ಎಂದು ನೋಡಿ. ಹೀಗೆ ಮರಳಿ ಸೇರಿಸಿ ನೋಡುವುದನ್ನು ಬಹಳ ಜನ ಮಾಡುವುದೇ ಇಲ್ಲ. ಮಿಆರ್-34ನ್ನು ಕೊಟ್ಟು ನೋಡಿದ್ದಾರೆ. ಕೊಬ್ಬಿನ ಕಣಗಳಲ್ಲಿ ತುಂಬಿದ ಎಂಆರ್‌ಎಕ್ಸ್34 ಎಂಬ ಔಷಧವನ್ನು ಹಲವು ಬಗೆಯ ಮುಂದುವರಿದ ಕ್ಯಾನ್ಸರ್ ಇದ್ದವರಿಗೆ ನೀಡಲಾಗಿತ್ತು. ರೋಗನಿರೋಧಕ ವ್ಯವಸ್ಥೆಯ ತೀವ್ರ ಪ್ರತಿಕ್ರಿಯೆಗಳು ಕಾಣಿಸಿಕೊಂಡದ್ದರಿಂದ 2016ರಲ್ಲಿ, ಮನುಷ್ಯರ ಮೇಲಿನ ಪರೀಕ್ಷೆಯ ಮೊದಲ ಹಂತದಲ್ಲೇ, ಆ ಪ್ರಯೋಗವನ್ನು ನಿಲ್ಲಿಸಲಾಯಿತು.