ನಿಂತುಹೋದ ಸೀರೀಸ್ ನಾವು ಗಲಾಟೆ ಮಾಡಿದರೆ ವಾಪಸ್ ಬರುತ್ತದಾ?

ಸುಮಾ_ದಾವಣಗೆರೆ:
ಎರಡು ವರ್ಷದಿಂದ ನೋಡುತ್ತಿದ್ದ ಒಂದು ಇಂಗ್ಲಿಷ್ ಸೀರೀಸ್ ನಿಂತೇ ಹೋಯಿತು. ಕೊನೇ ಎಪಿಸೋಡಿನಲ್ಲಿ ನಾಯಕಿ ಬಾಗಿಲು ತೆಗೆಯುತ್ತಾಳೆ. ಆಚೆ ಯಾರಿದ್ದಾರೆ ಅಂತ ತೋರಿಸಲೇ ಇಲ್ಲ. ಮುಂದಿನ ಸೀಸನ್ ಇಲ್ಲವಂತೆ! ಆನ್‌ಲೈನ್ ಮನವಿಗೆ ಸಹಿ ಹಾಕಿದೆ, ನಮ್ಮ ಮನೆಯವರ ಫೋನಿನಿಂದಲೂ ಹಾಕಿಸಿದೆ. ಅವರು ನಗುತ್ತಿದ್ದಾರೆ. ಜನ ಕೇಳಿದ್ದಕ್ಕೆ ನಿಂತ ಶೋ ಮತ್ತೆ ಶುರುವಾಗಿದ್ದು ನಿಜವಾಗಿ ಇದೆಯಾ?

ಕಡಲೆ_ರಾಯರು:
ಇದೆ ತಾಯಿ. ನಾನೇ ಕಡಲೆ ಕಳಿಸಿದವನು.

2007ರ ಮಾತು. ಕಂಪನಿ ಕೆಲಸದ ಮೇಲೆ ನ್ಯೂಜೆರ್ಸಿಯಲ್ಲಿದ್ದೆ. ಬುಧವಾರ ರಾತ್ರಿ ಅಲ್ಲಿನ ಟಿವಿ ಚಾನೆಲ್ ಸಿಬಿಎಸ್‌ನಲ್ಲಿ ‘ಜೆರಿಕೊ’ ಬರುತ್ತಿತ್ತು. ಅಮೆರಿಕದ ದೊಡ್ಡ ದೊಡ್ಡ ನಗರಗಳ ಮೇಲೆ ಅಣುಬಾಂಬ್ ಬಿದ್ದ ಮೇಲೆ ಕ್ಯಾನ್ಸಸ್‌ನ ಒಂದು ಸಣ್ಣ ಊರು ಹೇಗೆ ಬದುಕುತ್ತದೆ ಅನ್ನೋ ಕಥೆ. ಒಂದೇ ಸೀಸನ್, ಮೇ ತಿಂಗಳಲ್ಲಿ ನಿಲ್ಲಿಸಿದರು.

ಕೊನೇ ಎಪಿಸೋಡಿನಲ್ಲಿ ಶರಣಾಗು ಅಂದ ಪಕ್ಕದೂರಿನವನಿಗೆ ನಾಯಕ ಜೇಕ್ ‘ನಟ್ಸ್’ ಅನ್ನುತ್ತಾನೆ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಬೆಲ್ಜಿಯಂನ ಬಾಸ್ಟೋನ್‌ನಲ್ಲಿ ಜರ್ಮನ್ನರು ಶರಣಾಗಿ ಅಂದಾಗ ಅಮೆರಿಕದ ಜನರಲ್ ಮೆಕಾಲಿಫ್ ಕೊಟ್ಟ ಉತ್ತರವೂ ಅದೇ. ನಮ್ಮ ‘ಹೋಗಲೇ’ ಇದ್ದ ಹಾಗೆ. ಆದರೆ ಅದಕ್ಕೆ ಕಡಲೆ, ಬಾದಾಮಿ ಅನ್ನೋ ಅರ್ಥವೂ ಇದೆ ಅಲ್ವಾ? ಅಭಿಮಾನಿಗಳು ಅದನ್ನೇ ಹಿಡಿದುಕೊಂಡರು. ಅಲ್ಲೇ ನ್ಯೂಜೆರ್ಸಿಯ ಒಂದು ಅಂಗಡಿ ಆರ್ಡರ್ ತೆಗೆದುಕೊಂಡು ನೇರ ಸಿಬಿಎಸ್‌ಗೇ ಕಡಲೆಕಾಯಿ ಕಳಿಸುತ್ತಿತ್ತು. ಸುಮಾರು 20 ಟನ್! ಬಸವನಗುಡಿ ಪರಿಷೆ ಮುಂದೆ ಏನೂ ಅಲ್ಲ ಬಿಡಿ, ಆದರೆ ಟಿವಿ ಕಚೇರಿಗೆ ಜಾಸ್ತಿಯೇ. ನನ್ನ ಪಾಲು ಐದು ಪೌಂಡ್. ಊರಿಂದ ನನ್ನಾಕೆ ಫೋನಿನಲ್ಲಿ, “ಆ ದುಡ್ಡಿಗೆ ಇಲ್ಲಿ ಅರ್ಧ ಮೂಟೆ ಬರ್ತಿತ್ತು” ಅಂದಳು.

ಜೂನ್‌ನಲ್ಲಿ ಸಿಬಿಎಸ್ ಮಣಿಯಿತು. ಏಳು ಎಪಿಸೋಡ್ ಕೊಡುತ್ತೇವೆ, ನೀವು ಇನ್ನಷ್ಟು ಜನರನ್ನು ಕರೆತನ್ನಿ ಅಂದರು ಅಧ್ಯಕ್ಷೆ ನೀನಾ ಟ್ಯಾಸ್ಲರ್. 2008ರ ಫೆಬ್ರವರಿಯಲ್ಲಿ ಬಂತು, ಮಾರ್ಚ್‌ನಲ್ಲಿ ಮತ್ತೆ ಬಾಗಿಲು ಹಾಕಿತು. ನೋಡುವವರು ಸಾಲಲಿಲ್ಲ. ಕಡಲೆ ಕಳಿಸಿದ ನಾನೇ ಅರ್ಧ ಎಪಿಸೋಡುಗಳನ್ನು ರೆಕಾರ್ಡ್ ಮಾಡಿಟ್ಟು ಶನಿವಾರ ನೋಡಿದೆ. ಎಷ್ಟು ಜನ ಟಿವಿ ನೋಡುತ್ತಾರೆ ಅಂತ ಎಣಿಸುವ ನೀಲ್ಸನ್‌ನವರ ಮೀಟರ್ ಇಲ್ಲದ ನನ್ನ ಮನೆ ಹೇಗೂ ಲೆಕ್ಕಕ್ಕಿರಲಿಲ್ಲ. ಆದರೂ ಚುಚ್ಚುತ್ತದೆ.

ಹಳೇ_ಆಂಟೆನಾ:
ರಾಯರೇ, ಕಡಲೆಗಿಂತ ಶೋ ಯಾರದ್ದು ಅನ್ನೋದು ಮುಖ್ಯ. 2018ರ ಮೇನಲ್ಲಿ ಫಾಕ್ಸ್ ಚಾನೆಲ್ ‘ಬ್ರೂಕ್ಲಿನ್ ನೈನ್-ನೈನ್’ ನಿಲ್ಲಿಸಿತು. ಟ್ವಿಟರ್‌ನಲ್ಲಿ ರಂಪ. ಮರುದಿನವೇ ಇನ್ನೊಂದು ಚಾನೆಲ್ ಎನ್‌ಬಿಸಿ ಎತ್ತಿಕೊಂಡಿತು. ಆದರೆ ಅದನ್ನು ತಯಾರಿಸುತ್ತಿದ್ದ ಯೂನಿವರ್ಸಲ್ ಟೆಲಿವಿಷನ್ ಎನ್‌ಬಿಸಿ ಮನೆಯದೇ. ಮಗಳು ತವರಿಗೆ ಬಂದಳು, ಅಷ್ಟೇ.

ಅದೇ ತಿಂಗಳು ಸಿಫೈ ಚಾನೆಲ್ ‘ದಿ ಎಕ್ಸ್‌ಪಾನ್ಸ್’ ಬಿಟ್ಟಿತು. ಅವರಿಗಿದ್ದದ್ದು ಅಮೆರಿಕದ ಟಿವಿಯಲ್ಲಿ ಮೊದಲ ಪ್ರಸಾರದ ಹಕ್ಕು ಮಾತ್ರ, ಆಮೇಲೆ ನೆಟ್‌ನಲ್ಲಿ ಎಷ್ಟು ಜನ ನೋಡಿದರೂ ಇವರಿಗೆ ಕಾಸಿಲ್ಲ. ಅಭಿಮಾನಿಗಳು ಚಂದಾ ಎತ್ತಿ ಅಮೆಜಾನ್ ಸ್ಟುಡಿಯೋ ಮೇಲೆ ಬ್ಯಾನರ್ ಕಟ್ಟಿದ ವಿಮಾನ ಹಾರಿಸಿದರು. ಅಲ್ಲಿನ ಆಗಿನ ಯಜಮಾನ ಬೆಜೋಸ್‌ಗೂ ಆ ಶೋ ಇಷ್ಟ. ಇನ್ನೂ ಮೂರು ಸೀಸನ್ ಬಂತು.

ಸುಮಾ_ದಾವಣಗೆರೆ:
ನನ್ನ ಸೀರೀಸ್ ಮಾಡಿಸಿದ್ದೂ ತೋರಿಸಿದ್ದೂ ಒಂದೇ ಕಂಪನಿ. ಹಾಗಾದರೆ?

ಕಡಲೆ_ರಾಯರು:
ಕಷ್ಟ ತಾಯಿ. ಬೇರೆಯವರು ಎತ್ತಿಕೊಳ್ಳಲು ಅವರು ಬಿಟ್ಟುಕೊಡಬೇಕಲ್ಲ. ಸಹಿ ಸುಮ್ನೆ ಒಂದು ಸಂಖ್ಯೆ. ಮೊದಲಿಂದ ಕೊನೇವರೆಗೆ ಇನ್ನೊಮ್ಮೆ ನೋಡಿ, ನಡುವೆ ಬಿಡಬೇಡಿ. ಆ ಕಂಪನಿಗಳು ಎಷ್ಟು ಜನ ಪೂರ್ತಿ ನೋಡಿದರು ಅನ್ನೋದನ್ನೂ ಎಣಿಸುತ್ತವೆ. ಯಜಮಾನರ ಫೋನಿನಲ್ಲೂ ಹಚ್ಚಿಡಿ.

ಸುಮಾ_ದಾವಣಗೆರೆ:
ಹಚ್ಚಿಕೊಟ್ಟೆ ಸರ್. ಎರಡನೇ ಎಪಿಸೋಡಿಗೇ ಗೊರಕೆ. ಫೋನು ಓಡುತ್ತಿದೆ, ಲೆಕ್ಕಕ್ಕೆ ಬರುತ್ತದೆ ಅಲ್ವಾ?